ಬುದ್ಧಿಶಕ್ತಿ ಮತ್ತು ಅದರ ಮಾಪನ

ಬುದ್ಧಿಶಕ್ತಿ ಎಂದರೆ ಅನುಭವದಿಂದ ಕಲಿಯುವ, ವಿಷಯಗಳ ನಡುವಣ ಸಂಬಂಧವನ್ನು ಗ್ರಹಿಸುವ, ತರ್ಕಿಸುವ, ಹೊಸ ಸಮಸ್ಯೆಗಳನ್ನು ಬಿಡಿಸುವ ಮತ್ತು ಸನ್ನಿವೇಶಕ್ಕೆ ತಕ್ಕಂತೆ ನಡವಳಿಕೆಯನ್ನು ಹೊಂದಿಸಿಕೊಳ್ಳುವ ಮಾನಸಿಕ ಸಾಮರ್ಥ್ಯ. ಮನೋವಿಜ್ಞಾನದಲ್ಲಿ ಅತಿ ಹೆಚ್ಚು ಅಳತೆಗೆ ಒಳಗಾದ ಮತ್ತು ಅಷ್ಟೇ ವಿವಾದಕ್ಕೂ ಒಳಗಾದ ಪರಿಕಲ್ಪನೆಗಳಲ್ಲಿ ಇದೊಂದು. ಎತ್ತರ, ತೂಕಗಳನ್ನು ನೇರವಾಗಿ ಅಳೆಯಬಹುದು. ಬುದ್ಧಿಶಕ್ತಿಯನ್ನು ಹಾಗೆ ಅಳೆಯಲಾಗದು. ಗೊತ್ತುಪಡಿಸಿದ ಕೆಲಸಗಳನ್ನು ವ್ಯಕ್ತಿ ಹೇಗೆ ಮಾಡುತ್ತಾನೆಂಬುದನ್ನು ನೋಡಿ ಅದನ್ನು ಅನುಮಾನಿಸಬೇಕಾಗುತ್ತದೆ. ಹೀಗಾಗಿ ಬುದ್ಧಿಶಕ್ತಿಯ ಅಧ್ಯಯನವೂ ಬುದ್ಧಿಪರೀಕ್ಷೆಗಳ ಇತಿಹಾಸವೂ ಒಟ್ಟೊಟ್ಟಿಗೆ ಬೆಳೆದಿವೆ.

ವ್ಯಾಖ್ಯೆ

ಬುದ್ಧಿಶಕ್ತಿಗೆ ಎಲ್ಲರೂ ಒಪ್ಪಿದ ಒಂದೇ ವ್ಯಾಖ್ಯೆ ಇಲ್ಲ. 1921ರಲ್ಲಿ ಅಮೆರಿಕದ ಶೈಕ್ಷಣಿಕ ಮನೋವಿಜ್ಞಾನ ಪತ್ರಿಕೆಯೊಂದು 14 ತಜ್ಞರ ಅಭಿಪ್ರಾಯ ಕೇಳಿದಾಗ ಉತ್ತರಗಳು ಬೇರೆಬೇರೆಯಾಗಿದ್ದವು. ಆದರೂ ಅನುಭವದಿಂದ ಕಲಿಯುವುದು ಮತ್ತು ಪರಿಸರಕ್ಕೆ ಹೊಂದಿಕೊಳ್ಳುವುದು ಎಂಬ ಎರಡು ಅಂಶಗಳು ಹಲವರಲ್ಲಿ ಸಮಾನವಾಗಿದ್ದವು. 1986ರಲ್ಲಿ ಇಂಥದೇ ಸಮೀಕ್ಷೆ ಮತ್ತೆ ನಡೆದಾಗ, ತನ್ನ ಆಲೋಚನೆಯನ್ನು ತಾನೇ ಗಮನಿಸಿ ತಿದ್ದಿಕೊಳ್ಳುವ ಸಾಮರ್ಥ್ಯಕ್ಕೂ ಸಂಸ್ಕೃತಿಯ ಪಾತ್ರಕ್ಕೂ ಹೆಚ್ಚಿನ ಒತ್ತು ದೊರೆಯಿತು. ವೆಕ್ಸ್ಲರ್ ಮಾಪಕಗಳನ್ನು ರೂಪಿಸಿದ ಡೇವಿಡ್ ವೆಕ್ಸ್ಲರ್, ಉದ್ದೇಶಪೂರ್ವಕವಾಗಿ ವರ್ತಿಸುವ, ವಿವೇಚನೆಯಿಂದ ಯೋಚಿಸುವ ಮತ್ತು ಪರಿಸರದೊಡನೆ ಸಮರ್ಥವಾಗಿ ವ್ಯವಹರಿಸುವ ಒಟ್ಟು ಸಾಮರ್ಥ್ಯವೇ ಬುದ್ಧಿಶಕ್ತಿ ಎಂದು ವ್ಯಾಖ್ಯಾನಿಸಿದ.

ಸಮೀಪದ ಕೆಲವು ಪರಿಕಲ್ಪನೆಗಳಿಂದ ಬುದ್ಧಿಶಕ್ತಿಯನ್ನು ಬೇರ್ಪಡಿಸಿ ನೋಡಬೇಕು. ಈಗಾಗಲೇ ಕಲಿತಿರುವುದರ ಪ್ರಮಾಣ ಸಾಧನೆ. ಶಾಲಾ ಪರೀಕ್ಷೆಗಳು ಅಳೆಯುವುದು ಇದನ್ನು. ಸಂಗೀತ, ಯಂತ್ರಕೌಶಲದಂಥ ನಿರ್ದಿಷ್ಟ ಕ್ಷೇತ್ರದಲ್ಲಿ ತರಬೇತಿ ಪಡೆದರೆ ಮುನ್ನಡೆಯಬಲ್ಲ ಸಾಧ್ಯತೆ ಅಭಿಕ್ಷಮತೆ. ಹೊಸದೂ ಉಪಯುಕ್ತವೂ ಆದುದನ್ನು ಹುಟ್ಟಿಸುವ ಶಕ್ತಿ ಸೃಜನಶೀಲತೆ. ಈ ಮೂರೂ ಬುದ್ಧಿಶಕ್ತಿಯೊಡನೆ ಸಂಬಂಧ ಹೊಂದಿದ್ದರೂ ಅದಕ್ಕೆ ಸಮಾನಾರ್ಥಕಗಳಲ್ಲ.

ಹುಟ್ಟು ಮತ್ತು ಬೆಳವಣಿಗೆ

ವ್ಯಕ್ತಿಗಳ ಮಾನಸಿಕ ವ್ಯತ್ಯಾಸಗಳನ್ನು ಸಂಖ್ಯೆಯಲ್ಲಿ ಹಿಡಿಯುವ ಪ್ರಯತ್ನವನ್ನು ಆರಂಭಿಸಿದವರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಮುಖ್ಯ. ಪ್ರತಿಭೆ ವಂಶದಲ್ಲಿ ಹರಿದುಬರುತ್ತದೆಂದು 1869ರ ತನ್ನ ಗ್ರಂಥದಲ್ಲಿ ವಾದಿಸಿದ ಈತ, 1884ರಲ್ಲಿ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ ಪ್ರಯೋಗಾಲಯವೊಂದನ್ನು ತೆರೆದು ಸಾವಿರಾರು ಜನರ ದೃಷ್ಟಿ, ಶ್ರವಣ, ಹಿಡಿತದ ಬಲ ಮತ್ತು ಪ್ರತಿಕ್ರಿಯಾ ಕಾಲವನ್ನು ಅಳೆದ. ಅಮೆರಿಕದ ಜೇಮ್ಸ್ ಮೆಕೀನ್ ಕ್ಯಾಟೆಲ್ ಇದೇ ಹಾದಿಯಲ್ಲಿ ಸಾಗಿ 1890ರಲ್ಲಿ ಮಾನಸಿಕ ಪರೀಕ್ಷೆ ಎಂಬ ಪದವನ್ನು ಬಳಕೆಗೆ ತಂದ. ಆದರೆ ಇಂಥ ಅಳತೆಗಳಿಗೂ ಕಾಲೇಜು ವಿದ್ಯಾರ್ಥಿಗಳ ಅಂಕಗಳಿಗೂ ಹೆಚ್ಚಿನ ಸಂಬಂಧವಿಲ್ಲವೆಂದು ಕ್ಲಾರ್ಕ್ ವಿಸ್ಲರ್ 1901ರಲ್ಲಿ ತೋರಿಸಿದ ಮೇಲೆ ಈ ಮಾರ್ಗ ಹಿಂದೆ ಸರಿಯಿತು.

ಆಧುನಿಕ ಬುದ್ಧಿಪರೀಕ್ಷೆ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. ಸಾಮಾನ್ಯ ತರಗತಿಯ ಬೋಧನೆಯಿಂದ ಪ್ರಯೋಜನ ಪಡೆಯಲಾಗದ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ರೀತಿಯ ಶಿಕ್ಷಣ ಕೊಡುವ ಬಗೆಯನ್ನು ಪರಿಶೀಲಿಸಲು ಫ್ರಾನ್ಸಿನ ಸರ್ಕಾರ 1904ರಲ್ಲಿ ಆಯೋಗವೊಂದನ್ನು ನೇಮಿಸಿತು. ಅದರ ಸದಸ್ಯನಾಗಿದ್ದ ಆಲ್ಫ್ರೆಡ್ ಬಿನೆ ವೈದ್ಯ ತಿಯೊಡೋರ್ ಸಿಮೋನನ ಜೊತೆಗೂಡಿ 1905ರಲ್ಲಿ ಸುಲಭದಿಂದ ಕಠಿಣಕ್ಕೆ ಏರುವ 30 ಪ್ರಶ್ನೆಗಳ ಮಾಪಕವನ್ನು ಪ್ರಕಟಿಸಿದ. ಇಂದ್ರಿಯಗಳ ಚುರುಕನ್ನು ಬಿಟ್ಟು ತೀರ್ಮಾನ, ಗ್ರಹಿಕೆ, ತರ್ಕಗಳನ್ನು ನೇರವಾಗಿ ಪರೀಕ್ಷಿಸಿದ್ದು ಬಿನೆಯ ಹೊಸತನ. 1908ರ ಪರಿಷ್ಕರಣದಲ್ಲಿ ಪ್ರಶ್ನೆಗಳನ್ನು ವಯಸ್ಸಿಗನುಗುಣವಾಗಿ ಗುಂಪು ಮಾಡಲಾಯಿತು. ಇನ್ನೊಂದು ಪರಿಷ್ಕರಣ 1911ರಲ್ಲಿ ಹೊರಬಂತು. ಅದೇ ವರ್ಷ ಬಿನೆ ತೀರಿಕೊಂಡ. ಮಗುವಿನ ಬುದ್ಧಿ ಹೆಚ್ಚಿಸಲಾಗದ ಸ್ಥಿರ ಪ್ರಮಾಣವೆಂಬ ಅಭಿಪ್ರಾಯವನ್ನು ಈತ 1909ರಲ್ಲಿಯೇ ಖಂಡಿಸಿ, ಗಮನ ಮತ್ತು ನೆನಪನ್ನು ಬಲಪಡಿಸುವ ಅಭ್ಯಾಸಗಳನ್ನು ಸೂಚಿಸಿದ್ದ.

ಅಟ್ಲಾಂಟಿಕ್ ದಾಟಿದ ಮೇಲೆ ಮಾಪಕದ ಉದ್ದೇಶ ಹಿಗ್ಗಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು ಅಮೆರಿಕದ ಮಕ್ಕಳಿಗೆ ಅಳವಡಿಸಿ ಸ್ಟ್ಯಾನ್‌ಫರ್ಡ್-ಬಿನೆ ಮಾಪಕವಾಗಿ ಪ್ರಕಟಿಸಿದ. ಮೊದಲನೆಯ ಮಹಾಯುದ್ಧದಲ್ಲಿ ರಾಬರ್ಟ್ ಯರ್ಕ್ಸ್ ನೇತೃತ್ವದಲ್ಲಿ ಓದುಬಲ್ಲವರಿಗೆ ಆರ್ಮಿ ಆಲ್ಫಾ, ಓದುಬಾರದವರಿಗೆ ಆರ್ಮಿ ಬೀಟಾ ಎಂಬ ಸಾಮೂಹಿಕ ಪರೀಕ್ಷೆಗಳು ತಯಾರಾದವು. ಸುಮಾರು 17 ಲಕ್ಷ ಸೈನಿಕರು ಅವನ್ನು ಎದುರಿಸಿದರು. 1939ರಲ್ಲಿ ವೆಕ್ಸ್ಲರ್ ವಯಸ್ಕರಿಗೆಂದು ಹೊಸ ಮಾಪಕ ರೂಪಿಸಿದ. ಮಕ್ಕಳ ಮಾಪಕ 1949ರಲ್ಲಿ, ವಯಸ್ಕರ ಪರಿಷ್ಕೃತ ಮಾಪಕ 1955ರಲ್ಲಿ ಬಂದವು.

ರಚನೆಯ ಸಿದ್ಧಾಂತಗಳು

ಬುದ್ಧಿಶಕ್ತಿ ಒಂದೇ ಸಾಮರ್ಥ್ಯವೇ ಅಥವಾ ಹಲವು ಸಾಮರ್ಥ್ಯಗಳ ಸಮೂಹವೇ ಎಂಬುದು ಈ ಕ್ಷೇತ್ರದ ಮೂಲ ಪ್ರಶ್ನೆ.

ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಗಮನಿಸಿದ ಸಂಗತಿ ಇದು: ಒಂದು ಬಗೆಯ ಮಾನಸಿಕ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರು ಉಳಿದ ಬಗೆಯವುಗಳಲ್ಲಿಯೂ ಸರಾಸರಿಗಿಂತ ಹೆಚ್ಚು ಅಂಕ ಪಡೆಯುತ್ತಾರೆ. ಈ ಸಹಸಂಬಂಧಗಳ ಹಿಂದೆ ಎಲ್ಲ ಕೆಲಸಗಳಿಗೂ ಬೇಕಾದ ಸಾಮಾನ್ಯ ಘಟಕವೊಂದಿದೆಯೆಂದು ಆತ ಪ್ರತಿಪಾದಿಸಿ ಅದನ್ನು ‘ಜಿ’ ಎಂದು ಸೂಚಿಸಿದ. ಆಯಾ ಕೆಲಸಕ್ಕೇ ಮೀಸಲಾದ ವಿಶಿಷ್ಟ ಘಟಕ ‘ಎಸ್’. ಇದು ದ್ವಿಘಟಕ ಸಿದ್ಧಾಂತ. ಇದಕ್ಕಾಗಿ ಆತ ಬಳಸಿದ ಗಣಿತ ವಿಧಾನ ಘಟಕ ವಿಶ್ಲೇಷಣೆಯಾಗಿ ಬೆಳೆಯಿತು. ಅನೇಕ ಅಂಕಗಳ ನಡುವಣ ಸಂಬಂಧವನ್ನು ಕೆಲವೇ ಮೂಲಘಟಕಗಳಿಂದ ವಿವರಿಸುವುದು ಅದರ ಕೆಲಸ.

ಅಮೆರಿಕದ ಎಲ್. ಎಲ್. ಥರ್ಸ್ಟನ್ 1938ರಲ್ಲಿ ಏಳು ಪ್ರಾಥಮಿಕ ಮಾನಸಿಕ ಸಾಮರ್ಥ್ಯಗಳನ್ನು ಗುರುತಿಸಿದ: ಭಾಷಾ ಗ್ರಹಿಕೆ, ಪದಗಳ ಸರಾಗತೆ, ಸಂಖ್ಯಾ ಸಾಮರ್ಥ್ಯ, ಆಕಾಶ ಗ್ರಹಿಕೆ, ನೆನಪು, ಗ್ರಹಿಕೆಯ ವೇಗ ಮತ್ತು ತರ್ಕ. ಜೆ. ಪಿ. ಗಿಲ್ಫರ್ಡ್ 1967ರಲ್ಲಿ ಮಾನಸಿಕ ಕ್ರಿಯೆ, ವಿಷಯ, ಫಲಿತಗಳ ಸಂಯೋಜನೆಯಿಂದ 120 ಸಾಮರ್ಥ್ಯಗಳ ಮಾದರಿಯನ್ನು ಮುಂದಿಟ್ಟ. ಅದಕ್ಕೆ ತಕ್ಕ ಪುರಾವೆ ದೊರೆಯಲಿಲ್ಲ.

ಸ್ಪಿಯರ್‌ಮನ್ನನ ಶಿಷ್ಯ ರೇಮಂಡ್ ಕ್ಯಾಟೆಲ್ ಸಾಮಾನ್ಯ ಬುದ್ಧಿಯನ್ನು ಎರಡಾಗಿ ವಿಂಗಡಿಸಿದ. ಹಿಂದಿನ ಕಲಿಕೆಯ ನೆರವಿಲ್ಲದೆ ಹೊಸ ಸಮಸ್ಯೆಯನ್ನು ತರ್ಕದಿಂದ ಬಿಡಿಸುವುದು ದ್ರವ ಬುದ್ಧಿ. ಶಿಕ್ಷಣ ಮತ್ತು ಅನುಭವದಿಂದ ಕೂಡಿಬಂದ ಪದಸಂಪತ್ತು, ತಿಳಿವಳಿಕೆಗಳ ಬಳಕೆ ಸ್ಫಟಿಕ ಬುದ್ಧಿ. ಜಾನ್ ಹಾರ್ನ್ ಇದನ್ನು ವಿಸ್ತರಿಸಿದ. ಜಾನ್ ಕ್ಯಾರಲ್ 460ಕ್ಕೂ ಹೆಚ್ಚು ದತ್ತಾಂಶ ಸಮೂಹಗಳನ್ನು ಮರುವಿಶ್ಲೇಷಿಸಿ 1993ರಲ್ಲಿ ಮೂರು ಸ್ತರಗಳ ಮಾದರಿಯನ್ನು ಪ್ರಕಟಿಸಿದ. ಅದರ ತುದಿಯಲ್ಲಿ ಸಾಮಾನ್ಯ ಘಟಕ, ನಡುವೆ ವಿಶಾಲ ಸಾಮರ್ಥ್ಯಗಳು, ಕೆಳಗೆ ಹಲವಾರು ಕಿರು ಸಾಮರ್ಥ್ಯಗಳಿವೆ. ಈ ಮೂವರ ಹೆಸರಿನಲ್ಲಿ ಒಂದಾದ ಕ್ಯಾಟೆಲ್-ಹಾರ್ನ್-ಕ್ಯಾರಲ್ ಸಿದ್ಧಾಂತ ಇಂದಿನ ಬಹುಪಾಲು ಪರೀಕ್ಷೆಗಳಿಗೆ ತಳಹದಿ. ಒಂದೇ ಘಟಕವೋ ಹಲವೋ ಎಂಬ ಹಳೆಯ ವಾದಕ್ಕೆ ಈ ಮಾದರಿ ಎರಡಕ್ಕೂ ಸ್ಥಾನ ಕೊಟ್ಟು ಉತ್ತರಿಸುತ್ತದೆ.

ಪರೀಕ್ಷೆಗಳ ಚೌಕಟ್ಟಿನಾಚೆಗೆ ಬುದ್ಧಿಶಕ್ತಿಯನ್ನು ವಿಸ್ತರಿಸಿದ ಸಿದ್ಧಾಂತಗಳೂ ಇವೆ. ಹೊವಾರ್ಡ್ ಗಾರ್ಡ್ನರ್ 1983ರಲ್ಲಿ ಭಾಷೆ, ತರ್ಕ-ಗಣಿತ, ಆಕಾಶ ಗ್ರಹಿಕೆ, ಸಂಗೀತ, ದೇಹಚಲನೆ, ಪರರ ಅರಿವು, ಆತ್ಮದ ಅರಿವು ಎಂಬ ಏಳು ಸ್ವತಂತ್ರ ಬುದ್ಧಿಗಳನ್ನು ಹೆಸರಿಸಿ, ಮುಂದೆ ನಿಸರ್ಗದ ಅರಿವನ್ನು ಸೇರಿಸಿದ. ಈ ಬಹುವಿಧ ಬುದ್ಧಿ ಸಿದ್ಧಾಂತ ಶಿಕ್ಷಕರಲ್ಲಿ ಜನಪ್ರಿಯ. ಆದರೆ ಈ ಬುದ್ಧಿಗಳು ಪರಸ್ಪರ ಸ್ವತಂತ್ರವೆಂಬುದಕ್ಕೆ ಮಾಪನಾಧಾರಿತ ಪುರಾವೆ ದುರ್ಬಲ. ರಾಬರ್ಟ್ ಸ್ಟರ್ನ್‌ಬರ್ಗ್ 1985ರಲ್ಲಿ ವಿಶ್ಲೇಷಕ, ಸೃಜನಶೀಲ, ವ್ಯಾವಹಾರಿಕ ಎಂಬ ಮೂರು ಮುಖಗಳನ್ನು ವಿವರಿಸಿದ. ಪೀಟರ್ ಸ್ಯಾಲೊವೆ ಮತ್ತು ಜಾನ್ ಮೇಯರ್ 1990ರಲ್ಲಿ ರೂಪಿಸಿದ ಭಾವನಾತ್ಮಕ ಬುದ್ಧಿಶಕ್ತಿಯ ಪರಿಕಲ್ಪನೆಯನ್ನು ಡೇನಿಯಲ್ ಗೋಲ್‌ಮನ್‌ನ 1995ರ ಪುಸ್ತಕ ಜನಸಾಮಾನ್ಯರಿಗೆ ತಲುಪಿಸಿತು. ಒಡಿಶಾ ಮೂಲದ ಜೆ. ಪಿ. ದಾಸ್ ಕೆನಡಾದಲ್ಲಿ ಸಂಗಡಿಗರೊಡನೆ ಬೆಳೆಸಿದ ‘ಪಾಸ್’ ಸಿದ್ಧಾಂತ ಯೋಜನೆ, ಗಮನ, ಏಕಕಾಲಿಕ ಸಂಸ್ಕರಣೆ, ಅನುಕ್ರಮ ಸಂಸ್ಕರಣೆ ಎಂಬ ನಾಲ್ಕು ಪ್ರಕ್ರಿಯೆಗಳನ್ನು ಆಧರಿಸಿದೆ.

ಇವೆಲ್ಲವುಗಳಿಂದ ಬೇರೆಯಾದ ದೃಷ್ಟಿ ಜಾನ್ ಪಿಯಾಜೆಯದು. ಪ್ಯಾರಿಸ್ಸಿನಲ್ಲಿ ಸಿಮೋನನ ಕೋರಿಕೆಯಂತೆ ಮಕ್ಕಳ ಪರೀಕ್ಷೆಗಳನ್ನು ನಡೆಸುತ್ತಿದ್ದಾಗ, ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಉತ್ತರ ಕೊಡುವುದು ಅವನ ಗಮನ ಸೆಳೆಯಿತು. ಎಷ್ಟು ಉತ್ತರ ಸರಿ ಎಂಬುದಕ್ಕಿಂತ ಮಗು ಯೋಚಿಸುವ ಬಗೆ ಹಂತಹಂತವಾಗಿ ಹೇಗೆ ಬದಲಾಗುತ್ತದೆಂಬುದನ್ನು ಆತ ಅಧ್ಯಯನ ಮಾಡಿದ.

ಮಾಪನದ ಪರಿಭಾಷೆ

ಮಾನಸಿಕ ವಯಸ್ಸು: ಮಗು ಯಾವ ವಯಸ್ಸಿನ ಸರಾಸರಿ ಮಗುವಿನಷ್ಟು ಪ್ರಶ್ನೆಗಳಿಗೆ ಉತ್ತರಿಸಬಲ್ಲದೋ ಆ ವಯಸ್ಸು. ಹುಟ್ಟಿದ ದಿನದಿಂದ ಲೆಕ್ಕ ಹಾಕಿದ್ದು ಕಾಲಿಕ ವಯಸ್ಸು.

ಬುದ್ಧಿಲಬ್ಧ: ರೂಢಿಯಲ್ಲಿ ಐಕ್ಯೂ. ಮಾನಸಿಕ ವಯಸ್ಸನ್ನು ಕಾಲಿಕ ವಯಸ್ಸಿನಿಂದ ಭಾಗಿಸುವ ವಿಧಾನವನ್ನು ಜರ್ಮನಿಯ ವಿಲಿಯಂ ಸ್ಟರ್ನ್ 1912ರಲ್ಲಿ ಸೂಚಿಸಿದ. ಭಾಗಲಬ್ಧವನ್ನು 100ರಿಂದ ಗುಣಿಸುವ ರೂಢಿ ಟರ್ಮನ್ನನ ಮಾಪಕದಿಂದ ಹರಡಿತು. 10 ವರ್ಷದ ಮಗುವಿನ ಮಾನಸಿಕ ವಯಸ್ಸು 8 ಆಗಿದ್ದರೆ ಬುದ್ಧಿಲಬ್ಧ 80, 12 ಆಗಿದ್ದರೆ 120. ಈ ಸೂತ್ರ ವಯಸ್ಕರಿಗೆ ಒಗ್ಗುವುದಿಲ್ಲ. ಮಾನಸಿಕ ವಯಸ್ಸು ಹದಿಹರೆಯದ ನಂತರ ವರ್ಷವರ್ಷಕ್ಕೆ ಏರುತ್ತ ಹೋಗುವುದಿಲ್ಲವಾದ್ದರಿಂದ, ಆರೋಗ್ಯವಂತ ವಯಸ್ಕನ ಅಂಕವೂ ಕಾರಣವಿಲ್ಲದೆ ಕುಸಿದಂತೆ ಕಾಣುತ್ತದೆ.

ವಿಚಲನ ಬುದ್ಧಿಲಬ್ಧ: ಮೇಲಿನ ದೋಷವನ್ನು ನಿವಾರಿಸಲು ವೆಕ್ಸ್ಲರ್ ತಂದ ಕ್ರಮ. ವ್ಯಕ್ತಿಯ ಅಂಕವನ್ನು ಅದೇ ವಯೋಗುಂಪಿನ ಸರಾಸರಿಯೊಡನೆ ಹೋಲಿಸಲಾಗುತ್ತದೆ. ಸರಾಸರಿ 100, ಮಾನಕ ವಿಚಲನೆ 15 ಎಂದು ನಿಗದಿ. ಅಂಕಗಳು ಸಾಮಾನ್ಯ ವಿತರಣೆಯನ್ನು ಅನುಸರಿಸುವುದರಿಂದ ಸುಮಾರು ಶೇ 68 ಜನ 85ರಿಂದ 115ರ ನಡುವೆ, ಸುಮಾರು ಶೇ 95 ಜನ 70ರಿಂದ 130ರ ನಡುವೆ ಬರುತ್ತಾರೆ. 130ಕ್ಕಿಂತ ಮೇಲೆ ಮತ್ತು 70ಕ್ಕಿಂತ ಕೆಳಗೆ ಬರುವವರು ತಲಾ ಸುಮಾರು ಶೇ 2. ಇಂದಿನ ಬುದ್ಧಿಲಬ್ಧ ಹೆಸರಿಗೆ ಮಾತ್ರ ಲಬ್ಧ. ವಾಸ್ತವವಾಗಿ ಅದು ಗುಂಪಿನಲ್ಲಿ ವ್ಯಕ್ತಿಯ ಸ್ಥಾನವನ್ನು ಹೇಳುತ್ತದೆ. ಇದರಲ್ಲಿ ಸೊನ್ನೆ ಎಂಬ ಆರಂಭಬಿಂದು ಇಲ್ಲ. 120 ಅಂಕದವರಿಗೆ 60 ಅಂಕದವರ ಎರಡರಷ್ಟು ಬುದ್ಧಿ ಇದೆ ಎನ್ನಲಾಗದು.

ಪ್ರಮಾಣೀಕರಣ ಮತ್ತು ಮಾನಕಗಳು: ಪ್ರಶ್ನೆ, ಸೂಚನೆ, ಸಮಯ, ಅಂಕ ನೀಡಿಕೆ ಎಲ್ಲರಿಗೂ ಒಂದೇ ಆಗಿರುವಂತೆ ಗೊತ್ತುಪಡಿಸುವುದು ಪ್ರಮಾಣೀಕರಣ. ಜನಸಮುದಾಯವನ್ನು ಪ್ರತಿನಿಧಿಸುವ ಗುಂಪಿನ ಮೇಲೆ ಪರೀಕ್ಷೆ ನಡೆಸಿ ಪಡೆದ ಹೋಲಿಕೆಯ ಅಂಕಪಟ್ಟಿಗಳು ಮಾನಕಗಳು.

ವಿಶ್ವಸನೀಯತೆ: ಅಳತೆಯ ಸ್ಥಿರತೆ. ಅದೇ ವ್ಯಕ್ತಿಗೆ ಮತ್ತೊಮ್ಮೆ ಪರೀಕ್ಷೆ ನಡೆಸಿದಾಗ ಅಂಕ ಹತ್ತಿರ ಹತ್ತಿರ ಬರಬೇಕು. ಅತ್ಯುತ್ತಮ ಪರೀಕ್ಷೆಯಲ್ಲಿಯೂ ಮಾಪನ ದೋಷ ಇದ್ದೇ ಇರುತ್ತದೆ. ವಿಶ್ವಸನೀಯತೆ 0.96 ಇರುವ ಪರೀಕ್ಷೆಯಲ್ಲಿ ಮಾನಕ ದೋಷ 3 ಅಂಕ. ಅಂದರೆ ಎರಡೂ ಬದಿಗೆ ಇದರ ಎರಡರಷ್ಟು ಬಿಟ್ಟು, 100 ಬಂದವರ ನೈಜ ಸ್ಥಾನವನ್ನು 94ರಿಂದ 106ರ ನಡುವೆ ಎಂದು ಹೇಳುವುದು ಉಚಿತ.

ಸಿಂಧುತ್ವ: ಯಾವುದನ್ನು ಅಳೆಯಲು ಹೊರಟಿದೆಯೋ ಅದನ್ನೇ ಪರೀಕ್ಷೆ ಅಳೆಯುತ್ತದೆಯೇ ಎಂಬುದು. ಬುದ್ಧಿಲಬ್ಧಕ್ಕೂ ಶಾಲಾ ಅಂಕಗಳಿಗೂ ಇರುವ ಸಹಸಂಬಂಧ ಸುಮಾರು 0.5 ಎಂದು ಅಮೆರಿಕದ ಮನೋವೈಜ್ಞಾನಿಕ ಸಂಘದ ಕಾರ್ಯತಂಡ 1996ರಲ್ಲಿ ವರದಿ ಮಾಡಿತು. ವಿದ್ಯಾರ್ಥಿಗಳ ಅಂಕಗಳ ವ್ಯತ್ಯಾಸದಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಬುದ್ಧಿಲಬ್ಧದೊಡನೆ ಸೇರಿಬರುತ್ತದೆ ಎಂಬುದು ಇದರ ಅರ್ಥ. ಉಳಿದ ಮುಕ್ಕಾಲು ಭಾಗ ಶ್ರಮ, ಆಸಕ್ತಿ, ಬೋಧನೆ, ಮನೆಯ ಸ್ಥಿತಿ, ಆರೋಗ್ಯ ಮೊದಲಾದವುಗಳಿಗೆ ಸೇರಿದ್ದು.

ಪರೀಕ್ಷೆಗಳ ಬಗೆಗಳು

ನಡೆಸುವ ರೀತಿಯಿಂದ ಪರೀಕ್ಷೆಗಳು ವೈಯಕ್ತಿಕ ಮತ್ತು ಸಾಮೂಹಿಕ ಎಂದು ಎರಡು ಬಗೆ. ವೈಯಕ್ತಿಕ ಪರೀಕ್ಷೆಯಲ್ಲಿ ಪರೀಕ್ಷಕ ಒಬ್ಬರನ್ನೇ ಎದುರಿಗೆ ಕೂರಿಸಿಕೊಂಡು ಉತ್ತರದ ಜೊತೆಗೆ ಗಮನ, ಆತಂಕ, ಉತ್ಸಾಹಗಳನ್ನೂ ಗಮನಿಸುತ್ತಾನೆ. ಚಿಕಿತ್ಸಾಲಯಗಳಲ್ಲಿ ಬಳಕೆಯಾಗುವುದು ಇದೇ. ಸಾಮೂಹಿಕ ಪರೀಕ್ಷೆ ಕಡಿಮೆ ಸಮಯದಲ್ಲಿ ಹೆಚ್ಚು ಜನರನ್ನು ಒಳಗೊಳ್ಳುತ್ತದೆ.

ಪ್ರಶ್ನೆಗಳ ಸ್ವರೂಪದಿಂದ ಶಾಬ್ದಿಕ, ಅಶಾಬ್ದಿಕ ಮತ್ತು ಕ್ರಿಯಾತ್ಮಕ ಎಂದು ಮೂರು ಬಗೆ. ಶಾಬ್ದಿಕ ಪರೀಕ್ಷೆಯಲ್ಲಿ ಪದಗಳ ಅರ್ಥ, ಸಾಮ್ಯ, ಸಾಮಾನ್ಯ ಜ್ಞಾನ, ಅಂಕಗಣಿತಗಳು ಇರುತ್ತವೆ. ಅಶಾಬ್ದಿಕ ಬಗೆಗೆ ಪ್ರಸಿದ್ಧ ಉದಾಹರಣೆ ಜೆ. ಸಿ. ರೇವನ್ 1938ರಲ್ಲಿ ಪ್ರಕಟಿಸಿದ ಪ್ರೋಗ್ರೆಸ್ಸಿವ್ ಮ್ಯಾಟ್ರಿಸಸ್. ಅದರ ಪ್ರಮಾಣಿತ ರೂಪದಲ್ಲಿ 12ರಂತೆ ಐದು ಗುಂಪುಗಳಲ್ಲಿ 60 ವಿನ್ಯಾಸಗಳಿದ್ದು, ಪ್ರತಿಯೊಂದರಲ್ಲಿ ಬಿಟ್ಟುಹೋದ ಭಾಗವನ್ನು ಆಯ್ದು ತೋರಿಸಬೇಕು. ಕ್ರಿಯಾತ್ಮಕ ಪರೀಕ್ಷೆಯಲ್ಲಿ ಬಣ್ಣದ ಘನಗಳಿಂದ ವಿನ್ಯಾಸ ಕಟ್ಟುವುದು, ಚಿತ್ರದ ತುಂಡುಗಳನ್ನು ಜೋಡಿಸುವುದು, ಹಲಗೆಯ ಮೇಲಿನ ಆಕಾರದ ಗುಳಿಗಳಲ್ಲಿ ತಕ್ಕ ಬಿಲ್ಲೆಗಳನ್ನು ಕೂಡಿಸುವುದು ಮುಂತಾದ ಕೆಲಸಗಳಿರುತ್ತವೆ. ಇಂಥ ಆಕಾರಫಲಕಗಳಲ್ಲಿ ಸೆಗಿನ್ ಫಲಕ ಚಿಕ್ಕ ಮಕ್ಕಳಿಗೆ ಹೆಚ್ಚು ಬಳಕೆಯಲ್ಲಿದೆ.

2014ರಲ್ಲಿ ಪ್ರಕಟವಾದ ವೆಕ್ಸ್ಲರ್ ಮಕ್ಕಳ ಮಾಪಕದ ಐದನೆಯ ಆವೃತ್ತಿ ಭಾಷಾ ಗ್ರಹಿಕೆ, ದೃಶ್ಯ-ಆಕಾಶ ಗ್ರಹಿಕೆ, ದ್ರವ ತರ್ಕ, ಕಾರ್ಯಕಾರಿ ಸ್ಮೃತಿ, ಸಂಸ್ಕರಣ ವೇಗ ಎಂಬ ಐದು ಸೂಚ್ಯಂಕಗಳನ್ನು ಬೇರೆಬೇರೆಯಾಗಿ ಕೊಡುತ್ತದೆ. ಒಟ್ಟು ಅಂಕ ಒಂದೇ ಆಗಿರುವ ಇಬ್ಬರು ಮಕ್ಕಳ ಬಲ ಮತ್ತು ಕೊರತೆಗಳು ತೀರ ಭಿನ್ನವಾಗಿರಬಹುದೆಂಬುದು ಈ ಸೂಚ್ಯಂಕಗಳಿಂದ ತಿಳಿಯುತ್ತದೆ.

ಆನುವಂಶಿಕತೆ ಮತ್ತು ಪರಿಸರ

ಒಂದು ಜನಸಮುದಾಯದಲ್ಲಿ ಕಾಣುವ ವ್ಯತ್ಯಾಸಗಳಲ್ಲಿ ಎಷ್ಟು ಭಾಗ ಆನುವಂಶಿಕ ವ್ಯತ್ಯಾಸಗಳಿಗೆ ಸೇರಿದ್ದೆಂಬುದರ ಅಂದಾಜು ಆನುವಂಶಿಕತಾ ಪ್ರಮಾಣ. ಇದು ಗುಂಪಿಗೆ ಸಂಬಂಧಿಸಿದ ಸಂಖ್ಯೆ. ಒಬ್ಬ ವ್ಯಕ್ತಿಯ ಬುದ್ಧಿಯಲ್ಲಿ ಇಷ್ಟು ಪಾಲು ತಂದೆತಾಯಿಯಿಂದ ಬಂದದ್ದೆಂದು ಇದರಿಂದ ಹೇಳಲಾಗದು. ಅವಳಿಗಳ ಮತ್ತು ದತ್ತುಮಕ್ಕಳ ಅಧ್ಯಯನಗಳ ಪ್ರಕಾರ ಈ ಪ್ರಮಾಣ ಬಾಲ್ಯದಲ್ಲಿ ಕಡಿಮೆಯಿದ್ದು ವಯಸ್ಸಿನೊಡನೆ ಹೆಚ್ಚುತ್ತದೆ. ಅಮೆರಿಕದಲ್ಲಿ ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಡ ಕುಟುಂಬಗಳ ಮಕ್ಕಳಲ್ಲಿ ಅದು ತೀರ ಕಡಿಮೆ ಇತ್ತು. ಅಲ್ಲಿ ವ್ಯತ್ಯಾಸಗಳಿಗೆ ಪರಿಸರವೇ ಮುಖ್ಯ ಕಾರಣವಾಗಿ ಕಂಡಿತು. ಬುದ್ಧಿಶಕ್ತಿಯನ್ನು ನಿರ್ಧರಿಸುವ ಒಂದೇ ಒಂದು ಜೀನ್ ಇಲ್ಲ. ಅತಿ ಸಣ್ಣ ಪ್ರಭಾವದ ನೂರಾರು ಜೀನ್ ಪ್ರಭೇದಗಳು ಸೇರಿ ಕೆಲಸ ಮಾಡುತ್ತವೆ.

ಪರಿಸರದ ಅಂಶಗಳಲ್ಲಿ ಪೋಷಣೆ, ರೋಗ, ವಿಷವಸ್ತು ಮತ್ತು ಶಾಲೆ ಮುಖ್ಯ. ಗರ್ಭಾವಸ್ಥೆಯಲ್ಲಿ ಅಯೋಡಿನ್ ಕೊರತೆಯಾದರೆ ಮಗುವಿನ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ಭಾರತದಲ್ಲಿ 1962ರಲ್ಲಿ ಗಳಗಂಡ ನಿಯಂತ್ರಣಕ್ಕೆಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ 1992ರಲ್ಲಿ ಅಯೋಡಿನ್ ಕೊರತೆಯ ಎಲ್ಲ ತೊಂದರೆಗಳನ್ನೂ ಒಳಗೊಳ್ಳುವಂತೆ ವಿಸ್ತಾರವಾಯಿತು. ಸೀಸ ದೇಹಕ್ಕೆ ಸೇರುವುದರಿಂದಲೂ ಶೈಶವದ ಕಬ್ಬಿಣಾಂಶದ ಕೊರತೆಯಿಂದಲೂ ಹಾನಿಯಾಗುತ್ತದೆ. ಶಾಲಾಶಿಕ್ಷಣದ ಪ್ರತಿ ಹೆಚ್ಚುವರಿ ವರ್ಷ ಬುದ್ಧಿಲಬ್ಧವನ್ನು ಸುಮಾರು 1ರಿಂದ 5 ಅಂಕ ಏರಿಸುತ್ತದೆಂದು 2018ರ ಸಮಗ್ರ ವಿಶ್ಲೇಷಣೆಯೊಂದು ತೋರಿಸಿತು.

ಪರಿಸರದ ಪ್ರಭಾವಕ್ಕೆ ದೊಡ್ಡ ಸಾಕ್ಷ್ಯ ಫ್ಲಿನ್ ಪರಿಣಾಮ. 20ನೆಯ ಶತಮಾನದಲ್ಲಿ ಅನೇಕ ದೇಶಗಳ ಸರಾಸರಿ ಅಂಕಗಳು ದಶಕಕ್ಕೆ ಸುಮಾರು 3ರಂತೆ ಏರಿದವೆಂದು ಜೇಮ್ಸ್ ಫ್ಲಿನ್ 1984 ಮತ್ತು 1987ರ ಲೇಖನಗಳಲ್ಲಿ ತೋರಿಸಿದ. ಇಷ್ಟು ಬೇಗನೆ ಜೀನುಗಳು ಬದಲಾಗಲಾರವು. ನಾರ್ವೆಯಲ್ಲಿ 1970ರ ದಶಕದ ನಡುವಿನಿಂದೀಚೆಗೆ ಹುಟ್ಟಿದವರಲ್ಲಿ ಈ ಏರಿಕೆ ನಿಂತು ಇಳಿಕೆ ಕಂಡುಬಂದಿದೆ. ಒಂದೇ ಕುಟುಂಬದ ಸೋದರರ ನಡುವೆಯೂ ಇಳಿಕೆ ಕಾಣುವುದರಿಂದ ಅದಕ್ಕೂ ಪರಿಸರವೇ ಕಾರಣವೆಂದು ತಿಳಿಯಲಾಗಿದೆ.

ವಯಸ್ಸು

ದ್ರವ ಬುದ್ಧಿ ಯೌವನದಲ್ಲಿ ಶಿಖರ ಮುಟ್ಟಿ ಕ್ರಮೇಣ ಇಳಿಯುತ್ತದೆ. ಸ್ಫಟಿಕ ಬುದ್ಧಿ ನಡುವಯಸ್ಸಿನ ನಂತರವೂ ಉಳಿದು ಬೆಳೆಯಬಲ್ಲದು. ಸ್ಕಾಟ್ಲೆಂಡಿನಲ್ಲಿ 1932ರಲ್ಲಿ 1921ನೆಯ ಇಸವಿಯಲ್ಲಿ ಹುಟ್ಟಿದ ಬಹುತೇಕ ಎಲ್ಲ ಮಕ್ಕಳಿಗೂ, ಒಟ್ಟು 87,498 ಮಂದಿಗೆ, ಪರೀಕ್ಷೆ ನಡೆಯಿತು. ಅವರಲ್ಲಿ ಕೆಲವರನ್ನು ಇಯಾನ್ ಡಿಯರಿ ಮತ್ತು ಸಂಗಡಿಗರು ಮುಪ್ಪಿನಲ್ಲಿ ಮತ್ತೆ ಪರೀಕ್ಷಿಸಿದಾಗ ಎರಡು ಅಂಕಗಳ ಸಹಸಂಬಂಧ 0.6ಕ್ಕಿಂತ ಹೆಚ್ಚಿತ್ತು. ಸಾಪೇಕ್ಷ ಸ್ಥಾನ ಗಣನೀಯವಾಗಿ ಸ್ಥಿರವೆಂದೂ ಬದಲಾವಣೆಗೆ ಸಾಕಷ್ಟು ಅವಕಾಶವಿದೆಯೆಂದೂ ಇದರಿಂದ ತಿಳಿಯುತ್ತದೆ.

ಸಂಸ್ಕೃತಿ ಮತ್ತು ಬುದ್ಧಿಶಕ್ತಿ

ಪರೀಕ್ಷೆಯ ಭಾಷೆ, ಚಿತ್ರ, ಸಮಯದ ಮಿತಿ, ಪ್ರಶ್ನೋತ್ತರದ ರೂಢಿ ಇವೆಲ್ಲ ಒಂದು ಸಂಸ್ಕೃತಿಗೆ ಸೇರಿದವು. ಸೋವಿಯೆತ್ ಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯ 1931 ಮತ್ತು 1932ರಲ್ಲಿ ಉಜ್ಬೇಕಿಸ್ತಾನದ ರೈತರನ್ನು ಅಧ್ಯಯನ ಮಾಡಿದಾಗ, ಶಾಲೆಗೆ ಹೋಗದವರು ತಾವು ಕಾಣದ ವಿಷಯದ ಬಗ್ಗೆ ಬರಿಯ ಮಾತಿನ ಆಧಾರದಿಂದ ತೀರ್ಮಾನ ಹೇಳಲು ಒಪ್ಪಲಿಲ್ಲ. ಸ್ವಲ್ಪ ಕಾಲ ಶಾಲೆ ಕಲಿತವರು ಒಪ್ಪಿದರು. ಬ್ರೆಜಿಲ್ಲಿನ ಬೀದಿಗಳಲ್ಲಿ ವ್ಯಾಪಾರ ಮಾಡುವ ಮಕ್ಕಳು ಗಿರಾಕಿಯೊಡನೆ ಬಾಯಿಲೆಕ್ಕವನ್ನು ಬಹುಪಾಲು ಸರಿಯಾಗಿ ಮಾಡಿ, ಅವೇ ಲೆಕ್ಕಗಳನ್ನು ಶಾಲೆಯ ರೂಪದಲ್ಲಿ ಕೊಟ್ಟಾಗ ಹೆಚ್ಚು ತಪ್ಪು ಮಾಡಿದರೆಂದು 1985ರ ಅಧ್ಯಯನವೊಂದು ತಿಳಿಸಿತು. ಭಾಷೆಯ ಅವಲಂಬನೆ ಕಡಿಮೆ ಇರುವ ಪರೀಕ್ಷೆಗಳೂ ಸಂಸ್ಕೃತಿಯಿಂದ ಪೂರ್ಣವಾಗಿ ಮುಕ್ತವಲ್ಲ.

ಉಪಯೋಗಗಳು

ಬೌದ್ಧಿಕ ನ್ಯೂನತೆಯನ್ನು ಗುರುತಿಸುವುದು ಪರೀಕ್ಷೆಗಳ ಹಳೆಯ ಮತ್ತು ಮುಖ್ಯ ಉಪಯೋಗ. ಅದಕ್ಕೆ ಬುದ್ಧಿಲಬ್ಧ ಸುಮಾರು 70ಕ್ಕಿಂತ ಕೆಳಗಿರುವುದೊಂದೇ ಸಾಲದು. ಮಾತುಕತೆ, ಸ್ವಂತ ಆರೈಕೆ, ಹಣದ ಬಳಕೆ, ಸಾಮಾಜಿಕ ವ್ಯವಹಾರಗಳನ್ನೊಳಗೊಂಡ ಹೊಂದಾಣಿಕೆಯ ನಡವಳಿಕೆಯಲ್ಲಿಯೂ ಕೊರತೆ ಇರಬೇಕು, ಎರಡೂ ಬೆಳವಣಿಗೆಯ ವಯಸ್ಸಿನಲ್ಲಿಯೇ ಕಾಣಿಸಿಕೊಂಡಿರಬೇಕು. ಹಿಂದೆ 50ರಿಂದ 69 ಅಲ್ಪ, 35ರಿಂದ 49 ಮಧ್ಯಮ, 20ರಿಂದ 34 ತೀವ್ರ, 20ಕ್ಕಿಂತ ಕೆಳಗೆ ಅತಿತೀವ್ರ ಎಂದು ವಿಂಗಡಿಸುತ್ತಿದ್ದರು. ಅಮೆರಿಕದ ಮನೋವೈದ್ಯಕೀಯ ಸಂಘದ 2013ರ ಕೈಪಿಡಿ ತೀವ್ರತೆಯನ್ನು ಅಂಕದಿಂದಲ್ಲ, ಹೊಂದಾಣಿಕೆಯ ನಡವಳಿಕೆಯಿಂದ ನಿರ್ಧರಿಸಬೇಕೆಂದಿತು.

ಕಲಿಕಾ ನ್ಯೂನತೆಯ ಪತ್ತೆ, ಅಪಘಾತ ಅಥವಾ ಪಾರ್ಶ್ವವಾಯುವಿನ ನಂತರ ಉಳಿದ ಸಾಮರ್ಥ್ಯದ ಅಂದಾಜು, ಮರೆವಿನ ರೋಗಗಳ ಪರಿಶೀಲನೆ, ಪ್ರತಿಭಾವಂತ ಮಕ್ಕಳ ಆಯ್ಕೆ, ವೃತ್ತಿ ಮಾರ್ಗದರ್ಶನ, ಸೈನ್ಯದ ನೇಮಕಾತಿ ಇತರ ಉಪಯೋಗಗಳು. ಆಯ್ಕೆಯ ಮಿತಿಗೂ ದಾಖಲೆಯಿದೆ: ಟರ್ಮನ್ 1921ರಲ್ಲಿ ಆರಂಭಿಸಿದ ಪ್ರತಿಭಾವಂತರ ಅಧ್ಯಯನಕ್ಕೆ 1,500ಕ್ಕೂ ಹೆಚ್ಚು ಮಕ್ಕಳು ಆಯ್ಕೆಯಾದರು. ಪರೀಕ್ಷೆಗೆ ಒಳಗಾಗಿಯೂ ಆಯ್ಕೆಯಾಗದೆ ಹೋದ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಮುಂದೆ ಭೌತವಿಜ್ಞಾನದಲ್ಲಿ ನೊಬೆಲ್ ಪ್ರಶಸ್ತಿ ಪಡೆದರು.

ದುರ್ಬಳಕೆ ಮತ್ತು ವಿವಾದಗಳು

ಅಂಕವನ್ನು ಹುಟ್ಟುಗುಣವೆಂದು ಭಾವಿಸಿದ್ದರಿಂದ ಗಂಭೀರ ಅನ್ಯಾಯಗಳಾಗಿವೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1927ರ ಬಕ್-ಬೆಲ್ ಮೊಕದ್ದಮೆಯಲ್ಲಿ, ಮಂದಬುದ್ಧಿಯವರೆಂದು ಗುರುತಿಸಲ್ಪಟ್ಟವರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ಅನುಮತಿಸುವ ವರ್ಜೀನಿಯಾ ಕಾನೂನನ್ನು ಎತ್ತಿಹಿಡಿಯಿತು. ಇಂಥ ಕಾನೂನುಗಳಡಿ ಆ ದೇಶದಲ್ಲಿ 60,000ಕ್ಕೂ ಹೆಚ್ಚು ಜನ ಸಂತಾನಶಕ್ತಿ ಕಳೆದುಕೊಂಡರು. ಬ್ರಿಟನ್ನಿನ ಸಿರಿಲ್ ಬರ್ಟ್ ಪ್ರಕಟಿಸಿದ ಅವಳಿಗಳ ಅಂಕಿಅಂಶಗಳಲ್ಲಿ, ಮಾದರಿಯ ಗಾತ್ರ ಬದಲಾದರೂ ಸಹಸಂಬಂಧ ಮೂರನೆಯ ದಶಮಾಂಶದವರೆಗೆ ಒಂದೇ ಆಗಿರುವುದನ್ನು ಲಿಯಾನ್ ಕಾಮಿನ್ 1974ರಲ್ಲಿ ಎತ್ತಿತೋರಿಸಿದ. ಆ ಅಂಕಿಅಂಶಗಳನ್ನು ಈಗ ಆಧಾರವಾಗಿ ಬಳಸುವುದಿಲ್ಲ. ಕಪ್ಪು ಜನಾಂಗದ ಮಕ್ಕಳನ್ನು ವಿಶೇಷ ತರಗತಿಗಳಿಗೆ ಸೇರಿಸಲು ಬುದ್ಧಿಪರೀಕ್ಷೆ ಬಳಸುವುದನ್ನು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ 1979ರಲ್ಲಿ ತಡೆಯಿತು.

ಜನಾಂಗಗಳ ನಡುವಣ ಸರಾಸರಿ ಅಂಕಗಳ ಅಂತರಕ್ಕೆ ಆನುವಂಶಿಕ ಕಾರಣ ಕೊಡುವ ವಾದಗಳಿಗೆ ನೇರ ಪುರಾವೆ ಇಲ್ಲ. ಗುಂಪಿನೊಳಗಿನ ಆನುವಂಶಿಕತಾ ಪ್ರಮಾಣದಿಂದ ಎರಡು ಗುಂಪುಗಳ ನಡುವಣ ಅಂತರದ ಕಾರಣವನ್ನು ತೀರ್ಮಾನಿಸುವುದು ತರ್ಕಕ್ಕೆ ಹೊಂದುವುದಿಲ್ಲ.

ಭಾರತ ಮತ್ತು ಕರ್ನಾಟಕದಲ್ಲಿ

ಅವಿಭಜಿತ ಭಾರತದಲ್ಲಿ ಬಿನೆ ಮಾಪಕದ ಮೊದಲ ಅಳವಡಿಕೆಗಳಲ್ಲೊಂದನ್ನು ಲಾಹೋರಿನಲ್ಲಿ ಸಿ. ಎಚ್. ರೈಸ್ 1920ರ ದಶಕದಲ್ಲಿ ಸಿದ್ಧಪಡಿಸಿದ. ಮೈಸೂರು ವಿಶ್ವವಿದ್ಯಾಲಯದ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಬಳಿ ಅಧ್ಯಯನ ಮಾಡಿದವರು. 

ಕನ್ನಡದ ಮಟ್ಟಿಗೆ ಮುಖ್ಯವಾದ ಕೆಲಸ ಧಾರವಾಡದಲ್ಲಿ ನಡೆಯಿತು. ವಿ. ವಿ. ಕಾಮತ್ ಸ್ಟ್ಯಾನ್‌ಫರ್ಡ್-ಬಿನೆ ಮಾಪಕವನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಅಳವಡಿಸಿ 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಗ್ರಂಥ 1940ರಲ್ಲಿ ಹೊರಬಂತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಿಂದ ಅವರ ಮಾಪಕ ದೇಶದ ಅನೇಕ ಚಿಕಿತ್ಸಾಲಯಗಳಲ್ಲಿ ಬಳಕೆಗೆ ಬಂತು. ಓದುಬಾರದವರಿಗೂ ಅನ್ವಯಿಸುವಂತೆ ಸಿ. ಎಂ. ಭಾಟಿಯಾ 1955ರಲ್ಲಿ ಐದು ಉಪಪರೀಕ್ಷೆಗಳ ಕ್ರಿಯಾತ್ಮಕ ಪರೀಕ್ಷಾಮಾಲೆಯನ್ನು ಪ್ರಕಟಿಸಿದರು. ನಾಗಪುರದ ಎ. ಜೆ. ಮಾಲಿನ್ 1969ರಲ್ಲಿ ವೆಕ್ಸ್ಲರ್ ಮಕ್ಕಳ ಮಾಪಕದ ಭಾರತೀಯ ರೂಪವನ್ನು ತಂದರು. ಮೈಸೂರಿನ ಜೆ. ಭರತ್ ರಾಜ್ ಮಕ್ಕಳ ಬೆಳವಣಿಗೆಯ ತಪಾಸಣಾ ಪರೀಕ್ಷೆಯೊಂದನ್ನು ರೂಪಿಸಿದರು.

ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, 1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡಿತು. ಚಿಕಿತ್ಸಾ ಮನೋವಿಜ್ಞಾನಿಗಳ ತರಬೇತಿಗೂ ಕಲಿಕಾ ನ್ಯೂನತೆ ಹಾಗೂ ಮಿದುಳಿನ ಕಾರ್ಯಗಳನ್ನು ಅಳೆಯುವ ಪರೀಕ್ಷಾಮಾಲೆಗಳಿಗೂ ಅದು ದೇಶದ ಪ್ರಮುಖ ಕೇಂದ್ರ. ವಿಕಲಚೇತನರ ಹಕ್ಕುಗಳ 2016ರ ಅಧಿನಿಯಮ ಹೆಸರಿಸುವ 21 ವಿಧದ ವೈಕಲ್ಯಗಳಲ್ಲಿ ಬೌದ್ಧಿಕ ನ್ಯೂನತೆಯೂ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿವೆ. ಶಿಕ್ಷಣ, ಉದ್ಯೋಗಗಳ ಸೌಲಭ್ಯ ಪಡೆಯಲು ಬೇಕಾದ ಪ್ರಮಾಣಪತ್ರಕ್ಕೆ ಬುದ್ಧಿಪರೀಕ್ಷೆಯ ವರದಿ ಮುಖ್ಯ ಆಧಾರಗಳಲ್ಲೊಂದು.

ಇಂದಿನ ಸ್ಥಿತಿ

ಸಾಮಾನ್ಯ ಘಟಕದ ಕೆಳಗೆ ವಿಶಾಲ ಸಾಮರ್ಥ್ಯಗಳು ಎಂಬ ಸ್ತರರಚನೆಯನ್ನು ಹೆಚ್ಚಿನ ಸಂಶೋಧಕರು ಇಂದು ಒಪ್ಪುತ್ತಾರೆ. ಸಾಮಾನ್ಯ ಘಟಕ ಮಿದುಳಿನ ನೈಜ ಗುಣವೋ ಅಥವಾ ಅಂಕಗಳ ಸಂಬಂಧದ ಗಣಿತ ಸಾರಾಂಶವೋ ಎಂಬ ಚರ್ಚೆ ಮುಂದುವರಿದಿದೆ. ಮಿದುಳಿನ ಚಿತ್ರಣ ಅಧ್ಯಯನಗಳು ಬುದ್ಧಿಶಕ್ತಿಯನ್ನು ಒಂದೇ ಜಾಗದಲ್ಲಿ ಕಾಣುವುದಿಲ್ಲ. ರೆಕ್ಸ್ ಯುಂಗ್ ಮತ್ತು ರಿಚರ್ಡ್ ಹೇಯರ್ 2007ರಲ್ಲಿ ಮುಂದಿಟ್ಟ ಸಿದ್ಧಾಂತ ಅದನ್ನು ಮಿದುಳಿನ ಮುಂಭಾಗ ಮತ್ತು ಪಾರ್ಶ್ವಭಾಗಗಳನ್ನು ಕೂಡಿಸುವ ಜಾಲಕ್ಕೆ ಸಂಬಂಧಿಸುತ್ತದೆ.

ಭಾರತದಲ್ಲಿ ಮಾನಕಗಳ ಹಳೆಯತನ ಮುಖ್ಯ ಸಮಸ್ಯೆ. ಹಲವು ದಶಕಗಳ ಹಿಂದಿನ ಮಾನಕಗಳೊಡನೆ ಹೋಲಿಸಿದರೆ ಫ್ಲಿನ್ ಪರಿಣಾಮದಿಂದ ಇಂದಿನ ಮಗುವಿನ ಅಂಕ ಇರಬೇಕಾದುದಕ್ಕಿಂತ ಹೆಚ್ಚಾಗಿ ಬರಬಹುದು. ನೆರವಿಗೆ ಅರ್ಹವಾದ ಮಗು ಅದರಿಂದ ವಂಚಿತವಾಗಬಹುದು. ವೆಕ್ಸ್ಲರ್ ಮಾಪಕಗಳ ಭಾರತೀಯ ಆವೃತ್ತಿಗಳು ಈಗ ಲಭ್ಯವಿವೆ. ಆದರೂ ಗ್ರಾಮೀಣ ಮಕ್ಕಳನ್ನು, ಮನೆಯಲ್ಲಿ ಒಂದು ಭಾಷೆ ಶಾಲೆಯಲ್ಲಿ ಇನ್ನೊಂದು ಭಾಷೆ ಬಳಸುವ ಮಕ್ಕಳನ್ನು ಸರಿಯಾಗಿ ಪ್ರತಿನಿಧಿಸುವ ಮಾನಕಗಳ ಅಗತ್ಯ ಉಳಿದಿದೆ. ಅಂತರಜಾಲದಲ್ಲಿ ದೊರೆಯುವ, ಪ್ರಮಾಣೀಕರಣವಿಲ್ಲದ ಪ್ರಶ್ನಾವಳಿಗಳ ಅಂಕಗಳಿಗೆ ವೈಜ್ಞಾನಿಕ ಬೆಲೆಯಿಲ್ಲ.

ತರಬೇತಿ ಪಡೆದ ಮನೋವಿಜ್ಞಾನಿ ನೀಡುವ ವರದಿಯಲ್ಲಿ ಪರೀಕ್ಷೆಯ ಹೆಸರು, ನಡೆಸಿದ ದಿನ ಮತ್ತು ಭಾಷೆ, ಅಂಕದ ಜೊತೆಗೆ ಅದರ ದೋಷವ್ಯಾಪ್ತಿ, ಹೊಂದಾಣಿಕೆಯ ನಡವಳಿಕೆಯ ವಿವರ ಮತ್ತು ಮಗುವಿಗೆ ಬೇಕಾದ ನೆರವಿನ ಸೂಚನೆ ಇರಬೇಕು. ಒಂದೇ ಪರೀಕ್ಷೆಯ ಒಂದೇ ಅಂಕ ಯಾವ ವ್ಯಕ್ತಿಯ ಬಗ್ಗೆಯೂ ನಿರ್ಣಯ ಕೊಡಲು ಸಾಲದು.